ಐದು ಬಗೆಯ ಗಾಲ್ಫ್ ಚೆಂಡು, ಒಂದು ಡ್ರೈವರ್, ಉತ್ತ ರಾಗಿ ಹೊಲ

ಪ್ರಶ್ನೆ ಸಣ್ಣದು. ನನ್ನ ಹಾಗೆ ಭಾನುವಾರ ಮಾತ್ರ ಆಡುವವನು ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯೋಕೆ ಬಳಸುವ ಗಾಲ್ಫ್ ಕ್ಲಬ್) ಬೀಸಿದರೆ 450 ರೂಪಾಯಿಯ ಚೆಂಡು 125 ರೂಪಾಯಿಯ ಚೆಂಡಿಗಿಂತ ದೂರ ಹೋಗುತ್ತಾ? ಜೊತೆಗೆ ಆಡುವವರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಮೆತ್ತಗಿನ ಚೆಂಡು ತಗೋ, ನಿನ್ನ ಸ್ವಿಂಗ್ ನಿಧಾನ ಅಂತಾರೆ ಒಬ್ಬರು. ಕೆರೆಯಿಂದ ತೆಗೆದ ಹಳೇ ಚೆಂಡು ಸಾಕು, ಸುಮ್ನೆ ದುಡ್ಡು ಹಾಳು ಅಂತಾರೆ ಇನ್ನೊಬ್ಬರು. ಅಳೆದು ನೋಡಿದವರು ಯಾರೂ ಸಿಗಲಿಲ್ಲ. ಅದಕ್ಕೇ ಈ ಕೆಲಸ.

ನನ್ನ ಕಡೆಯ ವಿವರ: ಡ್ರೈವರಿನ ಮುಖದ ಓರೆ 10.5 ಡಿಗ್ರಿ, ರೆಗ್ಯುಲರ್ ಶಾಫ್ಟ್ (ತುಂಬ ಬಿಗಿಯಲ್ಲದ ಕೋಲು). ಕ್ಲಬ್ಬಿನ ತಲೆಯ ವೇಗ ಗಂಟೆಗೆ 88 ಮೈಲಿ ಆಸುಪಾಸು. ಹ್ಯಾಂಡಿಕ್ಯಾಪ್ 19, ಅಂದರೆ ಸಾಧಾರಣ ಆಟ. ಗಂಟೆಗೆ 110 ಮೈಲಿ ಬೀಸುವವರಿಗೆ ಇಲ್ಲಿನ ಲೆಕ್ಕ ಹೊಂದಲ್ಲ.

ಹಂತ 1: ಚೆಂಡು ಮತ್ತು ಅಕ್ಷರ

ಬ್ರ್ಯಾಂಡ್ ಹೆಸರು ಹಾಕುತ್ತಿಲ್ಲ. ಒಂದು ಹೊಲದಲ್ಲಿ ಒಬ್ಬನೇ ಹೊಡೆದ ಲೆಕ್ಕ ಇಟ್ಟುಕೊಂಡು ಕಂಪನಿಗೆ ಅಂಕ ಕೊಡೋಕಾಗಲ್ಲ. ಚೆಂಡಿನ ಬಗೆ ಗೊತ್ತಾದರೆ ಸಾಕು. ಅದು ಡಬ್ಬಿಯ ಹಿಂಭಾಗದಲ್ಲಿ ಬರೆದಿರುತ್ತೆ.

ಅ: ಮೂರು ಪದರ, ಮೇಲೆ ಯುರೆಥೇನ್ (ಒಂದು ಬಗೆಯ ಮೆದು ಪ್ಲಾಸ್ಟಿಕ್) ಸಿಪ್ಪೆ. ಟೂರ್ ಆಟಗಾರರು, ಅಂದರೆ ವೃತ್ತಿಪರರು ಬಳಸುವ ಜಾತಿ. ಮೂರರ ಪೊಟ್ಟಣಕ್ಕೆ 1,350. ಎರಡು ಪೊಟ್ಟಣ ತಗೊಂಡೆ.

ಆ: ಎರಡು ಪದರ, ಅಯಾನೊಮರ್ (ಇನ್ನೊಂದು ಬಗೆಯ ಪ್ಲಾಸ್ಟಿಕ್) ಸಿಪ್ಪೆ, ಗಟ್ಟಿ. ಡಬ್ಬಿ ಮೇಲೆ ‘ಡಿಸ್ಟೆನ್ಸ್’ ಅಂತ ದೊಡ್ಡದಾಗಿ ಇರುತ್ತಲ್ಲ, ಅದು. ಡಜನ್ 1,500.

ಇ: ಎರಡು ಪದರ, ತುಂಬ ಮೆತ್ತಗಿನದು. ಡಜನ್ 1,900.

ಈ: ಕೆರೆ ಚೆಂಡು. ‘ಅ’ ಯಾವ ಮಾಡೆಲ್ಲೋ ಅದೇ ಮಾಡೆಲ್, ನೀರಿನಿಂದ ತೆಗೆದು ತೊಳೆದು ಮಾರಿದ್ದು. ಒಂದಕ್ಕೆ 70 ರೂಪಾಯಿ. ಒಂದು ಡಜನ್.

ಉ: ರೇಂಜ್ (ಹೊಡೆತ ಅಭ್ಯಾಸ ಮಾಡುವ ಮೈದಾನ) ಚೆಂಡು. ರೇಂಜಿನವರು ಹಳೇದಾಯಿತು ಅಂತ ಎತ್ತಿಟ್ಟಿದ್ದ ಚೀಲದಿಂದ ಕೇಳಿ ತಂದದ್ದು. ಕೆಂಪು ಪಟ್ಟಿ ಇದೆ.

ಪ್ರತಿ ಚೆಂಡಿಗೂ ಅಕ್ಷರ, ಪಕ್ಕದಲ್ಲಿ ಸಂಖ್ಯೆ. ಅ1, ಅ2, ಹೀಗೆ. ಪರ್ಮನೆಂಟ್ ಮಾರ್ಕರ್ ಸಾಕು, ಆದರೆ ಬರೆದು ಐದು ನಿಮಿಷ ಒಣಗಲು ಬಿಡಿ. ಇಲ್ಲದಿದ್ದರೆ ಹಂತ 3ರ ಉಪ್ಪುನೀರಿನಲ್ಲಿ ‘ಇ’ ಮತ್ತು ‘ಈ’ ಒಂದೇ ಆಗಿಬಿಡುತ್ತವೆ.

ಹಂತ 2: ತೂಕ ಮತ್ತು ಬಳೆ

ನಿಯಮದ ಪ್ರಕಾರ ಚೆಂಡು 45.93 ಗ್ರಾಂಗಿಂತ ಜಾಸ್ತಿ ತೂಗಬಾರದು, 42.67 ಮಿಮೀಗಿಂತ ಸಣ್ಣದಿರಬಾರದು. ಸಣ್ಣ ಚೆಂಡಿಗೆ ಗಾಳಿಯ ತಡೆ ಕಡಿಮೆ, ದೂರ ಹೋಗುತ್ತೆ. ಬ್ರಿಟನ್ ಕಡೆ 1.62 ಇಂಚಿನ ಸಣ್ಣ ಚೆಂಡಿಗೆ ಬಹಳ ಕಾಲ ಅವಕಾಶ ಇತ್ತು, 1990ರಲ್ಲಿ ಅದನ್ನು ಪೂರ್ತಿ ಕೈಬಿಟ್ಟರು. ಹಾಗಾಗಿ ಅಳತೆಯಲ್ಲೇ ಮೋಸ ಇದೆಯಾ ಅಂತ ಮೊದಲು ನೋಡಿಕೊಳ್ಳಬೇಕು.

ತೂಕಕ್ಕೆ ಚಿನ್ನ ಬೆಳ್ಳಿ ತೂಗುವ ಥರದ ಅಂಗೈ ತಕ್ಕಡಿ, 0.01 ಗ್ರಾಂವರೆಗೆ ತೋರಿಸುವಂಥದ್ದು, 450 ರೂಪಾಯಿ. ಹೊಸ ಚೆಂಡುಗಳೆಲ್ಲ 45.3ರಿಂದ 45.8 ಗ್ರಾಂ ಒಳಗೆ ಬಂದವು. ಕೆರೆ ಚೆಂಡಿನಲ್ಲಿ ಎರಡು 45.9 ದಾಟಿದ್ದವು. ಅದೇ ಮಾಡೆಲಿನ ಹೊಸದು 45.6 ಇರುವಾಗ ಈ ಏರಿಕೆ ನೀರಿನದ್ದೇ ಅಂತ ನನ್ನ ಅನುಮಾನ.

ಗಾತ್ರಕ್ಕೆ ವರ್ನಿಯರ್ ಹಿಡಿದರೆ ಚೆಂಡಿನ ಮೈಮೇಲಿನ ಸಣ್ಣ ಗುಳಿಗಳಲ್ಲಿ ಅದರ ಕಾಲು ಸಿಕ್ಕಿ ಒಂದೊಂದು ಸಲ ಒಂದೊಂದು ಅಳತೆ. ಬಳೆಯೇ ಸರಿ. ನಿಯಮದ ವಿಧಾನವೂ ಅದೇ. 23 ಡಿಗ್ರಿ ಸೆಲ್ಸಿಯಸ್‌ನಲ್ಲಿ 42.67 ಮಿಮೀ ಬಳೆಯ ಮೇಲೆ ಚೆಂಡನ್ನು ಹೇಗೆ ಬೇಕೋ ಹಾಗೆ ತಿರುಗಿಸಿ 100 ಸಲ ಇಟ್ಟರೆ, ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುವುದು 25 ಸಲಕ್ಕಿಂತ ಕಡಿಮೆ ಇರಬೇಕು.

5 ಮಿಮೀ ಅಕ್ರಿಲಿಕ್‌ನಲ್ಲಿ ಲೇಸರ್ ಕಟಿಂಗ್ ಮಾಡಿಸಿದೆ, 150 ರೂಪಾಯಿ. ಎಲ್ಲ ಚೆಂಡೂ ಧಡಕ್ಕನೆ ಬಿದ್ದುಹೋದವು! ಲೇಸರ್ ತಾನು ಸುಟ್ಟುಕೊಂಡು ಹೋಗುವ ಅಗಲವನ್ನು ಫೈಲಿನಲ್ಲಿ ಕಳೆದಿರಲಿಲ್ಲ. ತೂತು 42.9 ಹತ್ತಿರ ಬಂದಿತ್ತು. ಇನ್ನೊಂದು 150 ಕೊಟ್ಟು 42.45ಕ್ಕೆ ಕತ್ತರಿಸಿ, ನೀರು ಕಾಗದದಲ್ಲಿ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಉಜ್ಜಿ ಸರಿ ಮಾಡಿದೆ. ಎಲ್ಲ ಬಗೆಯೂ ಪಾಸು. 100 ಸಲ ಯಾವುದನ್ನೂ ಇಟ್ಟು ನೋಡಲಿಲ್ಲ, ಅಷ್ಟು ತಾಳ್ಮೆ ಇಲ್ಲ.

ಹಂತ 3: ಉಪ್ಪುನೀರು

ಚೆಂಡಿನ ಭಾರ ಸರಿಯಾಗಿ ನಡುವಿನಲ್ಲಿ ಇಲ್ಲದಿದ್ದರೆ ಹಾರುವಾಗ ಪಕ್ಕಕ್ಕೆ ಎಳೆಯುತ್ತೆ. ಅಂಥವನ್ನು ಮೊದಲೇ ಆರಿಸಿ ತೆಗೆಯಬೇಕು. ಉಪಾಯ ಹಳೆಯದು: ಚೆಂಡು ತೇಲುವಷ್ಟು ಉಪ್ಪು ಕರಗಿಸಿ, ತೇಲಿಬಿಟ್ಟು, ಮೇಲೆ ಬಂದ ಜಾಗಕ್ಕೆ ಚುಕ್ಕೆ ಇಟ್ಟು, ತಿರುಗಿಸಿ ಬಿಡೋದು. ಅದೇ ಚುಕ್ಕೆ ಮತ್ತೆ ಮತ್ತೆ ಮೇಲೆ ಬಂದರೆ ಚೆಂಡಿನ ಒಂದು ಕಡೆ ಭಾರ.

ಬಿತ್ತನೆ ಭತ್ತದಲ್ಲಿ ಜೊಳ್ಳು ತೆಗೆಯೋಕೆ ಉಪ್ಪುನೀರು ಮಾಡಿ, ಮೊಟ್ಟೆ ತೇಲುತ್ತಾ ಅಂತ ನೋಡ್ತಾರಲ್ವಾ, ಅದೇ ಹದ ಸಾಕು ಅಂದುಕೊಂಡಿದ್ದೆ. ಸಾಲಲ್ಲ. ಮೊಟ್ಟೆ ಆರಾಮಾಗಿ ತೇಲುತ್ತಿತ್ತು, ಚೆಂಡುಗಳೆಲ್ಲ ಬಕೆಟ್ಟಿನ ತಳದಲ್ಲಿ. 2 ಲೀಟರ್ ನೀರಿಗೆ 400 ಗ್ರಾಂ ಪುಡಿ ಉಪ್ಪು ದಾಟಿದ ಮೇಲೆ ಒಂದೊಂದೇ ಏಳತೊಡಗಿದವು, 450ಕ್ಕೆ ಎಲ್ಲ ಮೇಲೆ ಬಂದವು. ಎಪ್ಸಮ್ ಸಾಲ್ಟ್ ಬೇಕೇ ಬೇಕು ಅಂತ ಹೇಳುವವರಿದ್ದಾರೆ. ಬೇಡ, ಅಡುಗೆ ಉಪ್ಪಿನಲ್ಲೇ ಆಗುತ್ತೆ.

ಇಲ್ಲೊಂದು ತೊಡಕು. ಗುಳಿಗಳಲ್ಲಿ ಗಾಳಿ ಗುಳ್ಳೆ ಕೂತರೆ ಒಳ್ಳೇ ಚೆಂಡೂ ಒಂದೇ ಕಡೆ ತಿರುಗಿ ನಿಲ್ಲುತ್ತೆ. ಕಣ್ಣು ಹತ್ತಿರ ತಂದು ನೋಡಿದರೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ನೀರಿನ ಗೆರೆಯ ಕೆಳಗೆ ಸಾಲಾಗಿ ಅಂಟಿರುತ್ತವೆ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ತೊಟ್ಟು ಹಾಕಿ, ಚೆಂಡನ್ನು ಬೆರಳಿನಿಂದ ಸವರಿದರೆ ಬಿಡುತ್ತವೆ. ಇದಕ್ಕೆ ಮೊದಲು ‘ಆ’ ಪೂರ್ತಿ ಡಜನ್ ಕೆಟ್ಟದ್ದು ಅಂತ ಬರೆದಿಟ್ಟಿದ್ದೆ. ಆಮೇಲೆ ನೋಡಿದರೆ ಅದರಲ್ಲಿ ಒಂದೇ ಒಂದು ಸ್ವಲ್ಪ ಎಳೆಯುತ್ತಿತ್ತು. ‘ಅ’ ಎಲ್ಲ ಸರಿ. ‘ಈ’ಯಲ್ಲಿ ಮೂರು ಹೊರಗೆ.

ಹಂತ 4: ಅದುಮುವ ಚೌಕಟ್ಟು

ಜಾಸ್ತಿ ಹೊತ್ತು ತಿಂದ ಕೆಲಸ ಇದು. ಚೆಂಡಿನ ಮೆದುವು ಗಟ್ಟಿಗೆ ಕಂಪ್ರೆಷನ್ ಅಂತ ಒಂದು ಅಂಕಿ ಹೇಳ್ತಾರೆ: ಟೂರ್ ಚೆಂಡು 90ರ ಸುತ್ತ, ತುಂಬ ಮೆತ್ತಗಿನದು 40ರ ಸುತ್ತ. ಅದನ್ನು ಅಳೆಯುವ ಯಂತ್ರ ನಮ್ಮಂಥವರ ಕೈಗೆ ಎಟುಕಲ್ಲ. ನನಗೆ ಆ ಅಂಕಿಯೇ ಬೇಕಿರಲಿಲ್ಲ. 90 ಕೆಜಿ ಭಾರ ಹಾಕಿದರೆ ಯಾವುದು ಎಷ್ಟು ಮಿಮೀ ಕುಗ್ಗುತ್ತೆ ಅಂತ ಗೊತ್ತಾದರೆ ಸಾಕಿತ್ತು.

ಯೋಚನೆ ಸುಲಭ. ಕಬ್ಬಿಣದ ಚೌಕಟ್ಟು, ಕೆಳಗೆ ಮನುಷ್ಯರು ನಿಂತು ತೂಕ ನೋಡುವ ಯಂತ್ರ, ಅದರ ಮೇಲೆ ಚೆಂಡು, ಚೆಂಡಿನ ಮೇಲೆ ಕಾರಿನ ಸ್ಕ್ರೂ ಜ್ಯಾಕ್. ಜ್ಯಾಕ್ ತಿರುಗಿಸಿದರೆ ಅದು ಚೌಕಟ್ಟಿನ ಮೇಲ್ಭಾಗಕ್ಕೆ ಒದ್ದು ಚೆಂಡನ್ನು ಕೆಳಗೆ ಅದುಮುತ್ತೆ. ಎಷ್ಟು ಭಾರ ಅಂತ ತೂಕದ ಯಂತ್ರ ಹೇಳುತ್ತೆ. ಮನೆ ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ 40×40×5 ಆಂಗಲ್ ಹಾಕಿ ಚೌಕಟ್ಟು ಮಾಡಿಸಿದೆ. ‘ಏನ್ ಸಾರ್, ಜ್ಯೂಸ್ ಮಿಷನ್ನಾ?’ ಅಂತ ಕೇಳಿದರು. ಹೌದು ಅಂದೆ, ವಿವರಿಸೋಕೆ ಹೊತ್ತಿರಲಿಲ್ಲ.

ಕೆಲಸ ಕೊಟ್ಟದ್ದು ಮೂರು ಕಡೆ.

ಮೊದಲನೆಯದು ತೂಕದ ಯಂತ್ರ. ಮನೆಯಲ್ಲಿದ್ದ ಡಿಜಿಟಲ್ ಯಂತ್ರ ಒಂದು ಸಲ ಅಂಕಿ ತೋರಿಸಿ ಅಲ್ಲೇ ನಿಂತುಬಿಡುತ್ತೆ, ಆಮೇಲೆ ಜ್ಯಾಕ್ ಎಷ್ಟು ತಿರುಗಿಸಿದರೂ ಅದೇ ಅಂಕಿ, ಕೊನೆಗೆ ತಾನೇ ಆಫ್. ಮುಳ್ಳಿನ ಯಂತ್ರವೇ ಬೇಕು. 850 ಕೊಟ್ಟು ತಂದೆ. ನಾನು ಒಂದು ಸಲ, 50 ಕೆಜಿ ಸಿಮೆಂಟ್ ಮೂಟೆ ಒಂದು ಸಲ ಇಟ್ಟು ಮುಳ್ಳು ಸರಿ ಇದೆಯಾ ನೋಡಿಕೊಂಡೆ.

ಎರಡನೆಯದು ಮರ. ಚೆಂಡಿನ ಮೇಲೂ ಕೆಳಗೂ 18 ಮಿಮೀ ಪ್ಲೈವುಡ್ ಇಟ್ಟಿದ್ದೆ. 60 ಕೆಜಿ ದಾಟುತ್ತಿದ್ದಂತೆ ಪ್ಲೈವುಡ್ಡಿನಲ್ಲೇ ಬಟ್ಟಲಿನ ಹಾಗೆ ಗುಂಡಿ. ಅದರೊಳಗೆ ಗುಳಿಗಳ ಅಚ್ಚು ಕೂಡ ಸ್ಪಷ್ಟವಾಗಿ ಮೂಡಿತ್ತು, ನೋಡೋಕೆ ಚೆಂದ, ಅಳತೆಗೆ ದಂಡ. 12 ಮಿಮೀ ದಪ್ಪದ ಕಬ್ಬಿಣದ ಪ್ಲೇಟು ಎರಡು ಕತ್ತರಿಸಿ ತಂದೆ. ಕೆಳಗಿನ ಪ್ಲೇಟಿನ ಅಡಿ ಮಾತ್ರ ಹಲಗೆ ಇರಲಿ, ಇಲ್ಲದಿದ್ದರೆ ತೂಕದ ಯಂತ್ರದ ತಗಡು ನಡುವೆ ಕುಸಿಯುತ್ತೆ.

ಮೂರನೆಯದು ಡಯಲ್ ಗೇಜ್, ಎಷ್ಟು ಕುಗ್ಗಿತು ಅಂತ ಮುಳ್ಳಿನಲ್ಲಿ ತೋರಿಸುವ ಉಪಕರಣ. ಗುಜರಿಯಲ್ಲಿ ಮ್ಯಾಗ್ನೆಟ್ ಸ್ಟ್ಯಾಂಡ್ ಸಮೇತ 1,300ಕ್ಕೆ ಸಿಕ್ಕಿತು, 0.01 ಮಿಮೀ ಓದುತ್ತೆ. ಸ್ಟ್ಯಾಂಡನ್ನು ಚೌಕಟ್ಟಿಗೆ ಅಂಟಿಸಿದೆ. ಮೆತ್ತಗಿನ ಚೆಂಡಿಗೂ ಗಟ್ಟಿ ಚೆಂಡಿಗೂ 9 ಮಿಮೀ ಮೇಲೆ ತೋರಿಸಿತು! ತೂಕದ ಯಂತ್ರದ ಸ್ಪ್ರಿಂಗ್ ಕುಗ್ಗುವುದೂ, ಚೌಕಟ್ಟು ಬಾಗುವುದೂ ಎಲ್ಲ ಸೇರಿ ಬರುತ್ತಿತ್ತು. ಸ್ಟ್ಯಾಂಡನ್ನು ಕೆಳಗಿನ ಪ್ಲೇಟಿಗೆ ಅಂಟಿಸಿ, ಮುಳ್ಳಿನ ತುದಿ ಮೇಲಿನ ಪ್ಲೇಟಿಗೆ ತಾಗುವ ಹಾಗೆ ಇಟ್ಟ ಮೇಲೆ ಸರಿಹೋಯಿತು. ಎರಡು ಪ್ಲೇಟಿನ ನಡುವೆ ಇರೋದು ಚೆಂಡು ಮಾತ್ರ.

ಓದುವ ಕ್ರಮ: 5 ಕೆಜಿಗೆ ತಂದು ಗೇಜ್ ಸೊನ್ನೆ ಮಾಡಿ, 90ಕ್ಕೆ ಏರಿಸಿ, ಹತ್ತು ಎಣಿಸಿ ಓದಬೇಕು. ತಕ್ಷಣ ಓದಿದರೆ ಮುಳ್ಳು ಇನ್ನೂ ಸರಿಯುತ್ತಿರುತ್ತೆ. ಚೆಂಡನ್ನು ಮೂರು ದಿಕ್ಕಿಗೆ ತಿರುಗಿಸಿ ಮೂರು ಸಲ ಓದಿ ಸರಾಸರಿ ಹಿಡಿದೆ.

ಬಂದದ್ದು: ಅ 1.75 ಮಿಮೀ. ಆ 1.9. ಇ 2.95. ಉ 1.5, ಕಲ್ಲು. ‘ಈ’ ಮಾತ್ರ ಒಂದೊಂದು ಒಂದೊಂದು ಥರ, 1.6ರಿಂದ 2.1ರವರೆಗೆ. ಹೊಸ ‘ಅ’ ಆರೂ ಚೆಂಡು 0.1 ಮಿಮೀ ಒಳಗೆ ಇದ್ದವು, ಅದೇ ಮಾಡೆಲಿನ ಕೆರೆ ಚೆಂಡು ಹೀಗೆ ಚೆದುರಿದ್ದವು. ಹೊಡೆಯುವ ಮೊದಲೇ ಒಂದು ಉತ್ತರ ಸಿಕ್ಕ ಹಾಗಾಯಿತು. 70 ರೂಪಾಯಿಗೆ ಸಿಗೋದು ಒಂದು ಚೆಂಡಲ್ಲ, ಒಂದು ಲಾಟರಿ.

ಹಂತ 5: ಜಾಗ

ರೇಂಜ್ ಆಗಲ್ಲ. ಅಲ್ಲಿ ನಮ್ಮ ಚೆಂಡು ಹೊಡೆದರೆ ಅವರ ಸಾವಿರಾರು ಚೆಂಡಿನ ನಡುವೆ ಹೋಗಿ ಬೀಳುತ್ತೆ, ಸಂಜೆ ಎಲ್ಲ ಸೇರಿಸಿ ಬಾಚುತ್ತಾರೆ. ಗಾಲ್ಫ್ ಕೋರ್ಸಿನಲ್ಲಿ ಹಿಂದೆ ಆಡುವವರು ಬಿಡಲ್ಲ. ಮನೆ ಮೇಲೆ ನೆಟ್ ಕಟ್ಟಿ ರಾಡಾರ್ (ಚೆಂಡಿನ ವೇಗ ಹಿಡಿದು ಫೋನಿನಲ್ಲಿ ತೋರಿಸುವ ಸಣ್ಣ ಯಂತ್ರ) ಒಂದನ್ನೇ ನಂಬೋಣ ಅಂದರೆ, ಅದು ದೂರವನ್ನು ಲೆಕ್ಕ ಹಾಕಿ ಹೇಳೋದು, ಕಂಡು ಹೇಳೋದಲ್ಲ. ಗುಳಿ ಸವೆದ ಚೆಂಡು ಗಾಳಿಯಲ್ಲಿ ಹೇಗೆ ಸೋಲುತ್ತೆ ಅಂತ ನೆಟ್‌ನೊಳಗೆ ಅದಕ್ಕೆ ಹೇಗೆ ಗೊತ್ತಾಗಬೇಕು?

ಕೊನೆಗೆ ಒದಗಿದ್ದು ದೊಡ್ಡಬಳ್ಳಾಪುರದ ಕಡೆ ಇರುವ ಸೋದರಮಾವನ ಹೊಲ. ರಾಗಿ ಕೊಯ್ದು ಆಗಿತ್ತು. ಉದ್ದಕ್ಕೆ 230 ಮೀಟರಿಗಿಂತ ಸ್ವಲ್ಪ ಜಾಸ್ತಿ, ಆಚೆ ಬದುವಿನ ಮೇಲೆ ತೆಂಗು. ಕೂಳೆ ಇದ್ದಾಗ ಒಂದು ಸಲ ಹೊಡೆದು ನೋಡಿದೆ. ಗಟ್ಟಿ ನೆಲ, ಚೆಂಡು ಬಿದ್ದು ಎಲ್ಲೆಲ್ಲೋ ಪುಟಿದು ಓಡಿತು. ಕೂಳೆ ತಾಗಿದ್ದು ಅಲ್ಲೇ ನಿಂತಿತು, ತಾಗದ್ದು 30 ಗಜ ಉರುಳಿತು. ಅದರಿಂದ ಏನೂ ತಿಳಿಯಲಿಲ್ಲ.

ಮಾವ ಹೇಗಿದ್ದರೂ ಮಾಗಿ ಉಳುಮೆ ಮಾಡಿಸಬೇಕಿತ್ತು. ಟ್ರ್ಯಾಕ್ಟರ್ ಬಂದು ಕಲ್ಟಿವೇಟರ್ ಎರಡು ಸಾಲು ಹೊಡೆದ ಮೇಲೆ ಹೊಲದ ಗುಣವೇ ಬದಲಾಯಿತು. ಚೆಂಡು ಬಿದ್ದಲ್ಲಿ ಧೊಪ್ ಅಂತ ಸಣ್ಣ ಗುಂಡಿ ಮಾಡಿ ಅಲ್ಲೇ ಕೂರುತ್ತೆ. ಉರುಳೋದೇ ಇಲ್ಲ. ಅಂದರೆ ಗಾಳಿಯಲ್ಲಿ ಹೋದ ದೂರ ಎಷ್ಟೋ ಅಷ್ಟೇ ನೆಲದ ಮೇಲೂ ಸಿಗುತ್ತೆ. ಕೆಂಪು ಮಣ್ಣಿನ ಮೇಲೆ ಬಿಳಿ ಚೆಂಡು ದೂರದಿಂದಲೇ ಕಾಣುತ್ತೆ. ಹಣ ಕೊಟ್ಟು ಮಾಡಿಸಿದ್ದರೂ ಇಷ್ಟು ಒಳ್ಳೇ ವ್ಯವಸ್ಥೆ ಆಗುತ್ತಿರಲಿಲ್ಲ.

‘ಏನ್ ಅಳಿಯಾ, ನಾವು ಉಳೋದು ರಾಗಿ ಬಿತ್ತೋಕೆ, ನೀನು ಚೆಂಡು ಬಿತ್ತೋಕೆ ಬಂದಿದ್ದೀಯಾ?’ ಅಂದರು ಮಾವ.

‘ಬೆಳೆ ಬಂದ್ರೆ ಅರ್ಧ ನಿಮಗೇ ಮಾವ.’

‘ಅದೇನೋ ಸರಿ, ಹೆಂಟೆ ಕೆಳಗೆ ಉಳ್ಕೊಂಡಿರೋದನ್ನ ಆರಿಸ್ಕೊಂಡು ಹೋಗು. ಕುಂಟೆಗೆ ಸಿಕ್ಕಿದ್ರೆ ನಾನು ಸುಮ್ನಿರಲ್ಲ.’

ಟೀಯಿಂದ (ಚೆಂಡು ಇಟ್ಟು ಹೊಡೆಯುವ ಸಣ್ಣ ಗೂಟ) 150 ಗಜಕ್ಕೆ ಶುರು ಮಾಡಿ 220ರವರೆಗೆ ಹತ್ತು ಹತ್ತು ಗಜಕ್ಕೆ ಅಡ್ಡಗೆರೆ ಹಾಕಿದೆವು, ಸುಣ್ಣದ ಪುಡಿಯಲ್ಲಿ. ಮೊದಲು ನೈಲಾನ್ ಹುರಿಯಲ್ಲಿ ಅಳೆದಿದ್ದೆ. ಅದು ಎಳೆದಷ್ಟೂ ಉದ್ದ ಆಗುತ್ತೆ. 200 ಗಜದ ಗೆರೆ ನಿಜದಲ್ಲಿ 206ರಲ್ಲಿತ್ತು. 50 ಮೀಟರಿನ ಫೈಬರ್ ಟೇಪ್ ತಂದು ಎಲ್ಲ ಅಳಿಸಿ ಮತ್ತೆ ಹಾಕಿದ್ದಾಯಿತು. ಹೊಡೆಯುವಾಗ ಹೊಲದಲ್ಲಿ, ಆಚೆ ಬದುವಿನಲ್ಲಿ ಯಾರೂ ಇರಬಾರದು. ದಾರಿಹೋಕರು, ದನ, ಏನೇ ಕಂಡರೂ ಕ್ಲಬ್ ಕೆಳಗೆ.

ಗಾಳಿ ಬೆಳಿಗ್ಗೆ ಎಂಟೂವರೆವರೆಗೆ ಸುಮ್ಮನಿರುತ್ತೆ. ಕೋಲಿಗೆ ಕಟ್ಟಿದ ರಿಬ್ಬನ್ ಅಲ್ಲಾಡಿದರೆ ಅವತ್ತಿಗೆ ನಿಲ್ಲಿಸೋದು. ಮಂಜು ಬೀಳುವ ಕಾಲ, ಚೆಂಡಿನ ಮೇಲೆ ನೀರು ಕೂತರೆ ಕ್ಲಬ್ಬಿನ ಹಿಡಿತ ಬದಲಾಗುತ್ತೆ, ಹಾಗಾಗಿ ಪ್ರತಿ ಸಲ ಒರೆಸಬೇಕು.

ಹಂತ 6: ಹೊಡೆತ

ಮೊದಲ ಬೆಳಿಗ್ಗೆ ‘ಅ’ ಎಲ್ಲ, ಆಮೇಲೆ ‘ಆ’ ಎಲ್ಲ, ಹೀಗೆ ಸಾಲಾಗಿ ಹೊಡೆದೆ. ಎಲ್ಲಕ್ಕಿಂತ ದೂರ ಹೋದದ್ದು ಕೆರೆ ಚೆಂಡು! ಮೈ ಬಿಸಿಯಾದದ್ದು ಆಗ, ಅಷ್ಟೇ. ‘ಅ’ ಹೊಡೆಯುವಾಗ ಸೊಂಟ ಇನ್ನೂ ನಿದ್ದೆಯಲ್ಲಿತ್ತು. ಆ ಪುಟ ಹರಿದು ಹಾಕಿದೆ.

ಆಮೇಲೆ ಕ್ರಮ ಹೀಗೆ ಮಾಡಿಕೊಂಡೆವು. ಎಲ್ಲ ಚೆಂಡು ಒಂದು ಗೋಣಿಚೀಲದಲ್ಲಿ. ಮಾವನ ಮಗ ಕೈ ಹಾಕಿ ಸಿಕ್ಕಿದ್ದನ್ನು ತೆಗೆದು, ಅಕ್ಷರವನ್ನೂ ಕಂಪನಿ ಹೆಸರನ್ನೂ ಕೆಳಗೆ ಮಾಡಿ ಟೀ ಮೇಲೆ ಇಡುತ್ತಾನೆ. ಯಾವ ಚೆಂಡು ಅಂತ ನನಗೆ ಗೊತ್ತಿರಲ್ಲ. ಹೊಡೆದ ಮೇಲೆ ಸದ್ದಿನಲ್ಲಿ ಗೊತ್ತಾಗಿಬಿಡುತ್ತೆ, ‘ಇ’ ಟಪ್ ಅನ್ನುತ್ತೆ, ‘ಆ’ ಟಣ್ ಅನ್ನುತ್ತೆ. ಅಷ್ಟರಲ್ಲಿ ಸ್ವಿಂಗ್ ಮುಗಿದಿರುತ್ತಲ್ಲ, ತೊಂದರೆಯಿಲ್ಲ. ‘ಉ’ದ ಕೆಂಪು ಪಟ್ಟಿ ಮಾತ್ರ ಮುಚ್ಚೋಕಾಗಲಿಲ್ಲ. ಅದೊಂದನ್ನು ನೋಡಿಕೊಂಡೇ ಹೊಡೆದಿದ್ದೇನೆ.

ಟೀ ಎತ್ತರ ಪ್ರತಿ ಸಲ ಒಂದೇ ಇರಬೇಕು. ಕರೆಂಟ್ ವೈರಿಂಗಿನ ಕಂಡ್ಯೂಟ್ ಪೈಪನ್ನು 40 ಮಿಮೀಗೆ ಕತ್ತರಿಸಿ ಟೀ ಪಕ್ಕ ನಿಲ್ಲಿಸಿ, ಟೀ ತಲೆ ಅದರ ಸಮಕ್ಕೆ ಬರುವವರೆಗೆ ಒತ್ತುವುದು. ಹುಡುಗ ಇದರಲ್ಲಿ ನನಗಿಂತ ಕಟ್ಟುನಿಟ್ಟು.

ಇನ್ನು ಮುಖ್ಯವಾದದ್ದು, ಚೆಂಡು ಡ್ರೈವರಿನ ಮುಖದ ಯಾವ ಜಾಗಕ್ಕೆ ತಾಗಿತು ಅನ್ನೋದು. ಮೇಲೆ ತಾಗಿದರೆ ತಿರುಗುವಿಕೆ ಕಡಿಮೆ, ಕೆಳಗೆ ತಾಗಿದರೆ ಜಾಸ್ತಿ, ಹಿಮ್ಮಡಿ ಕಡೆ, ಅಂದರೆ ಶಾಫ್ಟಿನ ಹತ್ತಿರ ತಾಗಿದರೆ ವೇಗವೇ ಹೋಗುತ್ತೆ. ಮುಖಕ್ಕೆ ಸೀಮೆಸುಣ್ಣದ ನೀರು ಬಳಿದು ನೋಡಿದೆ, ಒಂದು ಕಡೆ ದಪ್ಪ ಒಂದು ಕಡೆ ತೆಳು, ಎರಡು ಹೊಡೆತಕ್ಕೆ ಉದುರಿತು. ವೈಟ್‌ಬೋರ್ಡ್ ಮಾರ್ಕರ್ ಚೆನ್ನಾಗಿ ಕೆಲಸ ಮಾಡಿತು. ಮುಖದ ನಡುವೆ ತೆಳ್ಳಗೆ ಬಳಿದರೆ ಚೆಂಡು ತಾಗಿದ ಜಾಗದಲ್ಲಿ ಬಣ್ಣ ಎದ್ದು ಗುಳಿಗಳ ಗುರುತು ಉಳಿಯುತ್ತೆ, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತೆ. ಹತ್ತು ರೂಪಾಯಿ ನಾಣ್ಯವನ್ನು ನಡುವೆ ಇಟ್ಟು ಅದರಷ್ಟು ಅಗಲದ ಗೆರೆ ಎಳೆದುಕೊಂಡೆ. ಗುರುತಿನ ನಡುಭಾಗ ಆ ವೃತ್ತದ ಒಳಗಿದ್ದರೆ ಮಾತ್ರ ಹೊಡೆತ ಲೆಕ್ಕಕ್ಕೆ.

ಈ ತೀರ್ಪು ದೂರ ನೋಡುವ ಮೊದಲೇ ಆಗಬೇಕು. ರಾಡಾರಿನ ಫೋನು ಎದುರಿಗೇ ಇತ್ತು. ‘ಅ’ 185 ತೋರಿಸಿದರೆ ‘ಇಲ್ಲ ಇಲ್ಲ, ಸ್ವಲ್ಪ ಕೆಳಗೆ ತಾಗಿದೆ’ ಅನ್ನುವ ಮನಸ್ಸು, 205 ತೋರಿಸಿದರೆ ಎಲ್ಲಿ ತಾಗಿದ್ದರೂ ‘ಪರವಾಗಿಲ್ಲ’. ಹುಡುಗ ಇದನ್ನು ಹಿಡಿದ. ಫೋನಿನ ಮೇಲೆ ಟವೆಲ್ ಹಾಕಿದ. ಮುಖ ನೋಡಿ ಒಪ್ಪು ಅಥವಾ ತಪ್ಪು ಅಂತ ಬರೆದುಕೊಳ್ಳುವುದು, ಚೀಲ ಖಾಲಿಯಾದ ಮೇಲೆ ಹೊಲಕ್ಕೆ ಇಳಿದು ಒಂದೊಂದು ಚೆಂಡಿನ ಅಕ್ಷರ ಸಂಖ್ಯೆ ಓದಿ ಹತ್ತಿರದ ಸುಣ್ಣದ ಗೆರೆಯಿಂದ ಟೇಪ್ ಹಿಡಿಯುವುದು. ಪ್ರತಿ ಅಕ್ಷರಕ್ಕೆ 15 ಒಪ್ಪು ಸಿಗುವವರೆಗೆ ಹೊಡೆದೆ. ಒಪ್ಪಿಗಿಂತ ತಪ್ಪೇ ಜಾಸ್ತಿ ಇತ್ತು ಅಂತ ಹೇಳಬೇಕಾಗಿಲ್ಲ.

ರಾಡಾರಿನ ಲೆಕ್ಕಕ್ಕೂ ಹೊಲದ ಟೇಪಿಗೂ ಮೊದಮೊದಲು 6 ಗಜ ವ್ಯತ್ಯಾಸ ಬರುತ್ತಿತ್ತು, ಯಾವಾಗಲೂ ರಾಡಾರ್ ಕಡಿಮೆ. ಆ್ಯಪ್‌ನಲ್ಲಿ ಎತ್ತರ ಸೊನ್ನೆ ಅಡಿ ಅಂತ ಇತ್ತು. ಆ ಹೊಲ ಇರೋದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ಗಾಳಿ ತೆಳು, ಚೆಂಡು ಶೇ 3ರಷ್ಟು ಜಾಸ್ತಿ ಹೋಗುತ್ತೆ. 3,000 ಅಡಿ ಅಂತ ಹಾಕಿದ ಮೇಲೆ ಎರಡೂ ಒಂದೆರಡು ಗಜದೊಳಗೆ ಕೂಡಿದವು. ಮಂಗಳೂರಿನಲ್ಲಿ ಆಡುವವರು ಕೆಳಗಿನ ಅಂಕಿಗಳಿಂದ ಅಷ್ಟು ಕಳೆದುಕೊಳ್ಳಿ.

ಹಂತ 7: ಬಂದ ಲೆಕ್ಕ

ಒಪ್ಪು ಹೊಡೆತಗಳ ಸರಾಸರಿ, ನೆಲಕ್ಕೆ ಬಿದ್ದ ದೂರ, ಟೇಪಿನ ಅಳತೆ:

ಆ – 201 ಗಜ
ಅ – 199 ಗಜ
ಇ – 196 ಗಜ
ಈ – 193 ಗಜ
ಉ – 180 ಗಜ

‘ಆ’ ಗೆದ್ದಿತು ಅಂತ ಓದಬೇಡಿ. ‘ಅ’ ಒಂದರಲ್ಲೇ ಒಪ್ಪು ಹೊಡೆತಗಳ ನಡುವೆ 14 ಗಜ ಅಂತರ ಇದೆ. ಅಂಥ ಕೈಯಿಂದ ಬಂದ 2 ಗಜಕ್ಕೆ ಬೆಲೆ ಇಲ್ಲ. ನನ್ನ ಮಟ್ಟಿಗೆ ಟೀ ಮೇಲೆ ಅವೆರಡೂ ಒಂದೇ.

‘ಇ’ಯ ವಿಷಯ ಬೇರೆ. ಅದರ ದೂರ ಮಾತ್ರವಲ್ಲ, ರಾಡಾರಿನಲ್ಲಿ ಚೆಂಡಿನ ವೇಗವೂ ಪ್ರತಿ ಬೆಳಿಗ್ಗೆ ‘ಆ’ಗಿಂತ ಗಂಟೆಗೆ 2 ಮೈಲಿ ಕಡಿಮೆಯೇ ಬಂತು. 1 ಮೈಲಿ ವೇಗಕ್ಕೆ ಸುಮಾರು 2 ಗಜ ಅಂತ ಲೆಕ್ಕ, ತಾಳೆ ಆಗುತ್ತೆ. ನಿಧಾನ ಸ್ವಿಂಗಿಗೆ ಮೆತ್ತಗಿನ ಚೆಂಡು ದೂರ ಹೋಗುತ್ತೆ ಅನ್ನುವ ಮಾತು ನನ್ನ ಹೊಲದಲ್ಲಿ ನಿಲ್ಲಲಿಲ್ಲ. ಕೈಗೆ ಹಿತ ಅನ್ನೋದು ನಿಜ. ಬೆಳಿಗ್ಗೆ ಚಳಿಯಲ್ಲಿ ‘ಉ’ ಹೊಡೆದ ಮೇಲೆ ‘ಇ’ ಸಿಕ್ಕರೆ ಬೆರಳುಗಳೇ ಥ್ಯಾಂಕ್ಸ್ ಹೇಳುತ್ತವೆ.

‘ಈ’ ಸರಾಸರಿಗಿಂತ ಅದರ ಚೆದುರುವಿಕೆ ನೋಡಿ: 24 ಗಜ. ಕೆಲವು ‘ಅ’ ಜೊತೆಗೇ ಹೋಗಿ ಬಿದ್ದವು. ಚೌಕಟ್ಟಿನಲ್ಲಿ 2.0 ಮಿಮೀ ದಾಟಿ ಕುಗ್ಗಿದ್ದ ಮೂರು ಮಾತ್ರ ಪ್ರತಿ ಸಲ 185ರ ಹತ್ತಿರವೇ ನಿಂತವು. ಕೆರೆ ಚೆಂಡು ಕೊಳ್ಳುವವರು ಅದುಮಿ ನೋಡೋಕಾಗಲ್ಲ, ತೂಗಿ ನೋಡಬಹುದು. ಈ ಮೂರರಲ್ಲಿ ಎರಡು 45.9 ಗ್ರಾಂ ದಾಟಿದ್ದವೇ.

‘ಉ’ 20 ಗಜ ಹಿಂದೆ. ರೇಂಜಿನಲ್ಲಿ ‘ನನ್ನ ಡ್ರೈವರ್ 180’ ಅಂತ ಬರೆದಿಟ್ಟುಕೊಂಡು ಕೋರ್ಸಿಗೆ ಹೋದರೆ ಬಂಕರ್ (ಮರಳು ಗುಂಡಿ) ದಾಟುವ ಲೆಕ್ಕ ತಪ್ಪುತ್ತೆ.

ತಿರುಗುವಿಕೆಯ ಅಂಕಿ ಹಾಕಿಲ್ಲ. ಈ ಬೆಲೆಯ ರಾಡಾರ್ ಅದನ್ನು ಅಂದಾಜಿನಲ್ಲಿ ಹೇಳುತ್ತೆ, ಅಳೆದಲ್ಲ. ಮತ್ತೆ, 450 ರೂಪಾಯಿ ಕೊಡೋದು ಟೀ ಹೊಡೆತಕ್ಕೂ ಅಲ್ಲ. ಯುರೆಥೇನ್ ಸಿಪ್ಪೆಯ ಕೆಲಸ ಇರೋದು ಗ್ರೀನ್ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಹತ್ತಿರ, ವೆಜ್ ಅನ್ನುವ ಸಣ್ಣ ಹೊಡೆತದ ಕ್ಲಬ್‌ನಲ್ಲಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ 4ನೇ ಸ್ಥಾನಕ್ಕೆ ಬಂದದ್ದು ಟೀಯಿಂದ ಎಲ್ಲರಿಗಿಂತ ದೂರ ಹೊಡೆದಲ್ಲ, ಪಟ್ಟಿಂಗ್‌ನಿಂದ (ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವುದು). ಉತ್ತ ಹೊಲದಲ್ಲಿ ವೆಜ್ ಪರೀಕ್ಷೆ ಆಗಲ್ಲ, ಅದು ಬಾಕಿ ಇದೆ.

ಹಂತ 8: ಉಳಿದ ಬೆಳಿಗ್ಗೆಗಳಲ್ಲಿ ಮಾಡಿದ ಎರಡು ಕಿತಾಪತಿ

ಟೀ ಎತ್ತರ. ‘ಆ’ ಒಂದನ್ನೇ ತಗೊಂಡು 40 ಮಿಮೀ ಪೈಪಿನ ಬದಲು 25 ಮಿಮೀ ತುಂಡು ಇಟ್ಟು ಹೊಡೆದೆ. ಸರಾಸರಿ 192. ಒಂಬತ್ತು ಗಜ ಹೋಯಿತು. ಹೊಸ ಚೆಂಡಿನ ಬಗೆಗಳ ನಡುವೆ ಇರುವ ಅಂತರಕ್ಕಿಂತ ಇದು ಜಾಸ್ತಿ, ಖರ್ಚು ಸೊನ್ನೆ.

ಗುಳಿ ಮುಚ್ಚಿದ ಚೆಂಡು. ನುಣುಪು ಚೆಂಡು ಗುಳಿ ಇರುವ ಚೆಂಡಿನ ಅರ್ಧದಷ್ಟೇ ಹೋಗುತ್ತೆ ಅಂತಾರಲ್ಲ, ನೋಡೇಬಿಡೋಣ ಅಂತ. ಹಿಂದೆ ಗಟಾಪರ್ಚಾ (ಮರದ ಹಾಲು ಗಟ್ಟಿ ಮಾಡಿದ್ದು) ಚೆಂಡಿನ ಕಾಲದಲ್ಲಿ ಏಟು ತಿಂದು ಗೀರು ಬಿದ್ದ ಹಳೇ ಚೆಂಡೇ ಚೆನ್ನಾಗಿ ಹಾರುತ್ತೆ ಅಂತ ಆಟಗಾರರು ಕಂಡುಕೊಂಡರು, ಗುಳಿಗಳು ಬಂದದ್ದು ಹಾಗೆ. ಮೊದಲು ವಾಲ್ ಪುಟ್ಟಿ ತುಂಬಿದೆ. ಡ್ರೈವರ್ ತಾಗಿದ ಕೂಡಲೇ ಬಿಳಿ ಹೊಗೆ, ಚೆಂಡು ಮಾಮೂಲಿನಂತೆ ಹಾರಿತು, ಪುಟ್ಟಿ ಎಲ್ಲ ನನ್ನ ಪ್ಯಾಂಟಿನ ಮೇಲೆ. ಎರಡನೇ ಸಲ ಅರಾಲ್ಡೈಟ್. ಒಂದೊಂದೇ ಗುಳಿಗೆ ಬೆಂಕಿಕಡ್ಡಿಯಲ್ಲಿ ತುಂಬೋದು, ಅರ್ಧ ಚೆಂಡು ಒಣಗಿದ ಮೇಲೆ ಇನ್ನರ್ಧ. ಟೂರ್ ಆಟಗಾರರು ಬಳಸುವ ಪ್ರೊ ವಿ1 ಅನ್ನುವ ಚೆಂಡಿನಲ್ಲಿ 388 ಗುಳಿ ಇರುತ್ತೆ, ನಾನು ತುಂಬಿದ್ದರಲ್ಲೂ ಅದರ ಹತ್ತಿರ ಹತ್ತಿರವೇ. ನೀರು ಕಾಗದದಲ್ಲಿ ಉಜ್ಜಿ ನುಣುಪು ಮಾಡಿದ ಮೇಲೆ 46.3 ಗ್ರಾಂ. ಹೊಡೆದರೆ ಸದ್ದು ಚೆನ್ನಾಗಿಯೇ ಬಂತು, ಹೊರಟದ್ದೂ ಸರಿಯಾಗಿಯೇ ಹೊರಟಿತು. ಆಮೇಲೆ ಏರೋದನ್ನು ಮರೆತ ಹಾಗೆ ತಲೆ ಬಗ್ಗಿಸಿ ಬಿತ್ತು. 104 ಗಜ. ಮಾವನಿಗೆ ಇಡೀ ಪರೀಕ್ಷೆಯಲ್ಲಿ ಇಷ್ಟವಾದದ್ದು ಇದೊಂದೇ, ಎರಡು ಸಲ ಹೊಡೆಸಿದರು. ಎರಡನೇ ಏಟಿಗೆ ಅರಾಲ್ಡೈಟ್ ಬಿರುಕು ಬಿಟ್ಟಿತು.

ಖರ್ಚು

ಚೆಂಡು 6,940. ತಕ್ಕಡಿ 450. ಬಳೆ ಎರಡು ಸಲ ಸೇರಿ 300. ಉಪ್ಪು 50. ಮುಳ್ಳಿನ ತೂಕದ ಯಂತ್ರ 850. ಆಂಗಲ್, ಪ್ಲೇಟು, ವೆಲ್ಡಿಂಗ್ 1,900. ಡಯಲ್ ಗೇಜ್ 1,300. ಅರಾಲ್ಡೈಟ್ 120. ಒಟ್ಟು 11,910. ರಾಡಾರ್ ಸ್ನೇಹಿತರದ್ದು, ಜ್ಯಾಕ್ ಕಾರಿನದ್ದು, ಟೇಪು ಸುಣ್ಣ ಮಾವನ ಮನೆಯದ್ದು. ಉಳುಮೆಗೆ ದುಡ್ಡು ಕೊಡಲು ಹೋದರೆ ಬೈಸಿಕೊಳ್ಳಬೇಕಾಯಿತು.

ಚೌಕಟ್ಟು ಮಾಡಿಸುವವರಿಗೆ ಅಳತೆ: ಒಳಗಿನ ಅಗಲ 330 ಮಿಮೀ, ಒಳಗಿನ ಎತ್ತರ 270 ಮಿಮೀ, ಪ್ಲೇಟುಗಳು 100×100×12. ಜ್ಯಾಕ್ ಪೂರ್ತಿ ಇಳಿಸಿದಾಗ 100 ಮಿಮೀಗಿಂತ ಎತ್ತರ ಇದ್ದರೆ ಚೌಕಟ್ಟಿನ ಎತ್ತರ ಅಷ್ಟು ಜಾಸ್ತಿ ಮಾಡಿಸಿ. ಕೆಳಗಿನ ಪ್ಲೇಟಿನ ನಡುವೆ 10 ಮಿಮೀ ಡ್ರಿಲ್ಲಿನಲ್ಲಿ ಒಂದು ಮಿಮೀ ಆಳದ ಕುಳಿ ಹೊಡೆಸಿದರೆ ಚೆಂಡು ಅಲ್ಲಿ ಕೂರುತ್ತೆ. ನನ್ನದರಲ್ಲಿ ಮೊದಲು ಅದು ಇರಲಿಲ್ಲ, 80 ಕೆಜಿಯಲ್ಲಿ ಒಂದು ‘ಉ’ ಪಕ್ಕಕ್ಕೆ ಚಿಮ್ಮಿ ಶೆಡ್ಡಿನ ಶೀಟಿಗೆ ಬಡಿಯಿತು. ಅದುಮುವಾಗ ಚೌಕಟ್ಟಿನ ಎದುರು ನಿಲ್ಲಬೇಡಿ, ಪಕ್ಕದಲ್ಲಿ ನಿಂತು ಜ್ಯಾಕ್ ತಿರುಗಿಸಿ.